ಹಲ್ಲು ಕೀಳುವ ಕಾಲದಿಂದ ಹಲ್ಲು ಉಳಿಸುವ ಕಾಲಕ್ಕೆ

ಊರಿನಿಂದ ಕೆಲವು ತಿಂಗಳ ಮಟ್ಟಿಗೆ ಇಲ್ಲಿಗೆ ಬರುವ ತಂದೆತಾಯಂದಿರ ಆರೋಗ್ಯದ ಬಗ್ಗೆ ಸದಸ್ಯರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಮೇಲಿಂದ ಮೇಲೆ ಬರುತ್ತದೆ: "ಡಾಕ್ಟ್ರೇ, ಅಪ್ಪನಿಗೆ ಎಪ್ಪತ್ತು ದಾಟಿತು. ಉಳಿದಿರುವ ಹಲ್ಲನ್ನೆಲ್ಲ ಒಂದೇ ಸಲ ಕೀಳಿಸಿ ಸೆಟ್ ಹಾಕಿಸಿಬಿಡುವುದು ವಾಸಿಯಲ್ಲವೇ?" ನಾನು ದಂತವೈದ್ಯನಲ್ಲ, ಎಂ.ಬಿ.ಬಿ.ಎಸ್. ಓದಿದ ಸಾಮಾನ್ಯ ವೈದ್ಯ. ಆದರೂ ಈ ಪ್ರಶ್ನೆಯ ಹಿಂದಿರುವ ದೀರ್ಘ ಇತಿಹಾಸವನ್ನು ಬರೆಯಲು ಹೊರಟಿದ್ದೇನೆ. ಕಾರಣ, ಹಲ್ಲನ್ನು ಸುಲಭವಾಗಿ ಕಿತ್ತೆಸೆಯಬಹುದಾದ ವಸ್ತುವೆಂದು ಜನರಿಗೆ ಕಲಿಸಿದವರಲ್ಲಿ ನನ್ನ ವೃತ್ತಿಯವರೇ ಮುಂಚೂಣಿಯಲ್ಲಿದ್ದರು.

ಕನ್ನಡದಲ್ಲಿ ಕೆಟ್ಟ ಹಲ್ಲನ್ನು ಹುಳುಕು ಹಲ್ಲು ಎನ್ನುತ್ತೇವೆ. ಆ ಮಾತಿನೊಳಗೇ ಒಂದು ಹುಳು ಕುಳಿತಿದೆ. ಹಲ್ಲನ್ನು ಹುಳು ಕೊರೆಯುತ್ತದೆ ಎಂಬ ನಂಬಿಕೆ ನಮ್ಮದು ಮಾತ್ರವಲ್ಲ. ಬ್ಯಾಬಿಲೋನಿನ ಮಣ್ಣಿನ ಫಲಕಗಳಲ್ಲಿಯೂ ಹಲ್ಲಿನ ಹುಳುವನ್ನು ಓಡಿಸುವ ಮಂತ್ರವಿದೆ. ನಮ್ಮ ಹಳ್ಳಿಗಳಲ್ಲಿ ನೆಲಗುಳ್ಳದ ಬೀಜವನ್ನು ಕೆಂಡಕ್ಕೆ ಹಾಕಿ, ಅದರ ಹೊಗೆ ಹಿಡಿದು ಹುಳು ಬೀಳಿಸುವವರಿದ್ದರು. ಯುರೋಪಿನ ಸಂತೆಗಳಲ್ಲಿ ಅದಕ್ಕಿಂತ ಸರಳವಾದ ಉಪಾಯ ಬಳಕೆಯಲ್ಲಿತ್ತು. ಹದಿನೆಂಟನೆಯ ಶತಮಾನದ ಆರಂಭದ ಪ್ಯಾರಿಸ್‌ನಲ್ಲಿ ಪಾಂ ನ್ಯೂಫ್ ಎಂಬ ಸೇತುವೆಯ ಮೇಲೆ ಜನ ಸೇರಿಸಿ, ಬಹಿರಂಗವಾಗಿ ಹಲ್ಲು ಕೀಳುವುದೇ ಒಂದು ತಮಾಷೆಯಾಗಿತ್ತು.

ಅದೇ ಪ್ಯಾರಿಸ್‌ನಲ್ಲಿ 1728ರಲ್ಲಿ ಪಿಯೇರ್ ಫೋಶಾರ್ ಎಂಬಾತ ದಂತಚಿಕಿತ್ಸೆಯನ್ನು ಕುರಿತು ಎರಡು ಸಂಪುಟಗಳ ಗ್ರಂಥವನ್ನು ಪ್ರಕಟಿಸಿದ. ಸೂಕ್ಷ್ಮದರ್ಶಕದಲ್ಲಿ ನೋಡಿದರೂ ತನಗೆ ಹುಳು ಕಾಣಲಿಲ್ಲವೆಂದು ಬರೆದ. ಸಿಹಿ ಪದಾರ್ಥಗಳು ಹಲ್ಲಿಗೆ ಕೇಡು ತರುತ್ತವೆಂದ. ಹಲ್ಲಿನ ಬುಡದಲ್ಲಿ ಗಟ್ಟಿಗಟ್ಟುವ ಕೊಳೆಯನ್ನು ಕೆರೆದು ತೆಗೆಯುವ ಸಲಕರಣೆಗಳನ್ನು ಚಿತ್ರಸಹಿತ ವಿವರಿಸಿದ. ಹುಳುಕನ್ನು ಕೆತ್ತಿ ತವರ ಅಥವಾ ಸೀಸದ ತಗಡಿನಿಂದ ತುಂಬಿ ಹಲ್ಲನ್ನು ಉಳಿಸಿಕೊಳ್ಳಬಹುದೆಂದು ತೋರಿಸಿದ. ಬಾಯಿ ಮುಕ್ಕಳಿಸಲು ಅವನು ಸೂಚಿಸಿದ್ದು ರೋಗಿಯ ಸ್ವಂತ ಮೂತ್ರವನ್ನು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು. ಮಹನೀಯರ ಗ್ರಂಥಗಳನ್ನು ಓದುವಾಗ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಆದರೆ ಹಲ್ಲು ಉಳಿಸಿಕೊಳ್ಳತಕ್ಕ ಅಂಗ ಎಂಬ ವಿಚಾರಕ್ಕೆ ಶಾಸ್ತ್ರದ ರೂಪ ದೊರೆತದ್ದು ಇವನಿಂದ.

ಹುಳುಕಿನ ನಿಜವಾದ ಕಾರಣ ತಿಳಿಯಲು ಇನ್ನೂ ನೂರೈವತ್ತು ವರ್ಷಗಳು ಬೇಕಾದವು. ಬರ್ಲಿನ್‌ನಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್ 1890ರಲ್ಲಿ ಅದನ್ನು ವಿವರಿಸಿದ. ಬಾಯಿಯಲ್ಲಿರುವ ಸೂಕ್ಷ್ಮಜೀವಿಗಳು ಹಿಟ್ಟು ಮತ್ತು ಸಕ್ಕರೆಯ ಅಂಶವನ್ನು ಹುದುಗಿಸಿ ಆಮ್ಲವನ್ನು ಉಂಟುಮಾಡುತ್ತವೆ. ಆ ಆಮ್ಲ ಹಲ್ಲಿನ ಖನಿಜವನ್ನು ಕರಗಿಸುತ್ತದೆ. ಆ ವೇಳೆಗೆ ಬ್ರಿಟನ್ 1874ರಲ್ಲಿ ಸಕ್ಕರೆಯ ಮೇಲಿನ ಸುಂಕವನ್ನು ತೆಗೆದುಹಾಕಿ, ಬಡವರ ಮನೆಯ ಚಹಾಕ್ಕೂ ಸಕ್ಕರೆ ಧಾರಾಳವಾಗಿ ಸೇರುವಂತೆ ಮಾಡಿತ್ತು. ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸುವಾಗ ಹಲ್ಲು ಕೆಟ್ಟಿದೆಯೆಂಬ ಕಾರಣಕ್ಕೇ ಎಷ್ಟೋ ಯುವಕರನ್ನು ಹಿಂದಕ್ಕೆ ಕಳುಹಿಸಬೇಕಾಯಿತು.

ಇದೇ ಕಾಲದಲ್ಲಿ ಅಮೆರಿಕದ ಜಿ.ವಿ. ಬ್ಲ್ಯಾಕ್ ಹಲ್ಲು ತುಂಬುವ ವಿಧಾನವನ್ನು ಕರಾರುವಾಕ್ಕಾಗಿ ರೂಪಿಸಿದ. ಅವನ ಸೂತ್ರದಂತೆ, ಹುಳುಕಿನ ಸುತ್ತಲಿನ ಗಟ್ಟಿ ಭಾಗವನ್ನೂ ಒಂದಿಷ್ಟು ಕೊರೆದು ವಿಸ್ತರಿಸಿದರೆ ಮುಂದೆ ಅಲ್ಲಿ ಹುಳುಕು ಬಾರದು. ಅಂದಿನ ಲೋಹದ ಮಿಶ್ರಣ ಹಲ್ಲಿಗೆ ಅಂಟುತ್ತಿರಲಿಲ್ಲವಾದ್ದರಿಂದ, ಅದು ಹಿಡಿದು ನಿಲ್ಲಲು ಕುಳಿಯೂ ದೊಡ್ಡದೇ ಬೇಕಾಗಿತ್ತು. ಆ ಕಾಲಕ್ಕೆ ಅದು ಸರಿಯಾದ ತರ್ಕವೇ. ಆದರೆ ತುಂಬಿದ್ದು ಕೆಲವು ವರ್ಷಗಳ ಬಳಿಕ ಸಡಿಲವಾಗುತ್ತದೆ, ಮತ್ತೆ ಕೊರೆದಾಗ ಕುಳಿ ಹಿಗ್ಗುತ್ತದೆ. ಕೊನೆಗೊಂದು ದಿನ ಹಲ್ಲಿನ ಗೋಡೆಯೇ ಸೀಳಿ ಕೀಳಿಸಿಕೊಳ್ಳುತ್ತದೆ. ಉಳಿಸುವ ಹೆಸರಿನಲ್ಲಿಯೇ ಹಲ್ಲು ಮೆಲ್ಲಮೆಲ್ಲನೆ ಕರಗಿಹೋಗುವ ಈ ಚಕ್ರವನ್ನು ದಂತವೈದ್ಯರು ಗುರುತಿಸಿ ಒಪ್ಪಿಕೊಳ್ಳಲು ಬಹುಕಾಲ ಹಿಡಿಯಿತು.

ಇನ್ನು ನಮ್ಮ ವೈದ್ಯರ ಕಥೆ. 1910ರ ಅಕ್ಟೋಬರ್‌ನಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಹಂಟರ್ ಕೆನಡಾದ ಮಾಂಟ್ರಿಯಲ್‌ಗೆ ಹೋಗಿ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಒಂದು ಉಪನ್ಯಾಸ ಕೊಟ್ಟ. ಕೀವು ತುಂಬಿದ ಬೇರುಗಳ ಮೇಲೆ ಚಿನ್ನದ ಕ್ಯಾಪು, ಸೇತುವೆಗಳನ್ನು ಕಟ್ಟುವ ಅಂದಿನ ದಂತವೈದ್ಯರನ್ನು ಕಟುವಾಗಿ ಟೀಕಿಸಿದ. ಬಾಯಿಯ ನಂಜೇ ರಕ್ತಹೀನತೆ, ಜಠರದ ತೊಂದರೆ, ನರಗಳ ದೌರ್ಬಲ್ಯ ಮುಂತಾದ ನಾನಾ ರೋಗಗಳ ಮೂಲವೆಂದ. ಮರುವರ್ಷ ಅದು ಪ್ರಸಿದ್ಧ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. ಹಂಟರನ ಟೀಕೆಯಲ್ಲಿ ಅರ್ಧ ಸತ್ಯವಿತ್ತು: ಕೊಳೆತ ಬುಡವನ್ನು ಮುಚ್ಚಿ ಮೇಲೆ ಬಂಗಾರ ಹೊದಿಸುವುದು ಕೆಟ್ಟ ಕೆಲಸವೇ. ಆದರೆ ಅದನ್ನು ಓದಿದ ವೈದ್ಯಲೋಕ ನಂಜನ್ನು ಶುಚಿಮಾಡಬೇಕೆಂದು ಅರ್ಥಮಾಡಿಕೊಳ್ಳಲಿಲ್ಲ. ಹಲ್ಲನ್ನೇ ಕೀಳಬೇಕೆಂದು ಅರ್ಥಮಾಡಿಕೊಂಡಿತು. ಸಂಧಿವಾತ ಬಂದರೆ ಹಲ್ಲು ಕೀಳಿಸು, ಕಾರಣ ತಿಳಿಯದ ಜ್ವರ ಬಂದರೆ ಹಲ್ಲು ಕೀಳಿಸು ಎಂಬಲ್ಲಿಗೆ ಬಂತು. ಹೊಸದಾಗಿ ಬಂದಿದ್ದ ಎಕ್ಸ್-ರೇ, ಬೇರಿನ ತುದಿಯಲ್ಲಿ ಕಂಡ ಪ್ರತಿಯೊಂದು ನೆರಳನ್ನೂ ಅಪರಾಧಿಯನ್ನಾಗಿ ನಿಲ್ಲಿಸಿತು.

ಈ ಹುಚ್ಚು ಮುಟ್ಟಿದ ತುದಿ ಅಮೆರಿಕದ ನ್ಯೂಜೆರ್ಸಿಯ ಟ್ರೆಂಟನ್ ಮಾನಸಿಕ ಆಸ್ಪತ್ರೆ. ಅಲ್ಲಿನ ಮೇಲ್ವಿಚಾರಕ ಹೆನ್ರಿ ಕಾಟನ್ ಮನೋರೋಗಕ್ಕೆ ಹಲ್ಲಿನ ನಂಜೇ ಕಾರಣವೆಂದು ನಂಬಿ ರೋಗಿಗಳ ಹಲ್ಲುಗಳನ್ನು ಕೀಳಿಸಿದ. ಗುಣ ಕಾಣದಿದ್ದಾಗ ಟಾನ್ಸಿಲ್, ಬಳಿಕ ದೊಡ್ಡ ಕರುಳು. ಎಷ್ಟೋ ಮಂದಿ ಶಸ್ತ್ರಕ್ರಿಯೆಯಿಂದಲೇ ಸತ್ತರು. ಅವನು ವಂಚಕನಾಗಿರಲಿಲ್ಲ, ತನ್ನ ಹೆಂಡತಿ ಮಕ್ಕಳ ಹಲ್ಲುಗಳನ್ನೂ ಕೀಳಿಸಿದ್ದ. ವೈದ್ಯನಿಗೆ ತನ್ನ ಸಿದ್ಧಾಂತದ ಮೇಲೆ ಇರುವ ಪ್ರಾಮಾಣಿಕ ನಂಬಿಕೆ ರೋಗಿಗೆ ರಕ್ಷಣೆಯಲ್ಲವೆಂಬುದಕ್ಕೆ ಇದಕ್ಕಿಂತ ಕಠೋರ ಉದಾಹರಣೆ ನನಗೆ ಗೊತ್ತಿಲ್ಲ. ಕೊನೆಗೆ ಈ ನಂಬಿಕೆಯ ಬುಡ ಅಲುಗಾಡಿಸಿದವರಲ್ಲಿ ಒಬ್ಬ, ಮೊದಲು ಅದನ್ನು ಒಪ್ಪಿದ್ದ ರಸೆಲ್ ಸಿಸಿಲ್. ಅವನೂ ಅವನ ಸಹೋದ್ಯೋಗಿಯೂ 200 ಸಂಧಿವಾತ ರೋಗಿಗಳನ್ನು ಪರಿಶೀಲಿಸಿ, ನಂಜಿನ ಮೂಲವೆಂದು ಹಲ್ಲು, ಟಾನ್ಸಿಲ್ ತೆಗೆಸಿದ್ದರಿಂದ ಪ್ರಯೋಜನವಾಗಿಲ್ಲವೆಂದು 1938ರಲ್ಲಿ ಪ್ರಕಟಿಸಿದರು.

ಅಷ್ಟರಲ್ಲಿ ನಾವಿಂದು ನೆಲೆಸಿರುವ ಬ್ರಿಟನ್ನಿನಲ್ಲಿ, ಹೇಗೂ ಹೋಗುವ ಹಲ್ಲು ಬೇಗ ಹೋದರೇ ಮೇಲು ಎಂಬ ಭಾವನೆ ಬೇರೂರಿತ್ತು. ಮದುವೆಗೆ ಮುಂಚೆ ಹೆಣ್ಣುಮಕ್ಕಳ ಹಲ್ಲುಗಳನ್ನೆಲ್ಲ ಕೀಳಿಸಿ ಹೊಸ ಸೆಟ್ ಉಡುಗೊರೆ ಕೊಡುತ್ತಿದ್ದರೆಂದು, ಗಂಡನಿಗೆ ಮುಂದೆ ಖರ್ಚು ಬಾರದಿರಲೆಂಬ ಉದ್ದೇಶದಿಂದ, ಇಲ್ಲಿಯ ಹಿರಿಯರು ಈಗಲೂ ಹೇಳುವುದುಂಟು. 1948ರ ಜುಲೈ 5ರಂದು ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದಾಗ ಉಚಿತ ಹಲ್ಲಿನ ಸೆಟ್ಟಿಗೆ ಮುಗಿಬಿದ್ದ ಜನರನ್ನು ಕಂಡು ಸರ್ಕಾರ ಬೆಚ್ಚಿತು. 1951ರಲ್ಲಿ ಸೆಟ್ಟಿಗೂ ಕನ್ನಡಕಕ್ಕೂ ಶುಲ್ಕ ವಿಧಿಸಲು ಹೊರಟಾಗ, ಆ ಸೇವೆಯನ್ನು ಕಟ್ಟಿದ ಅನ್ಯೂರಿನ್ ಬೆವನ್ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. 1968ರ ಸಮೀಕ್ಷೆಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನ ವಯಸ್ಕರಲ್ಲಿ ಶೇಕಡಾ 37 ಮಂದಿಗೆ ಒಂದೂ ಸ್ವಂತ ಹಲ್ಲಿರಲಿಲ್ಲ. 2009ರ ಸಮೀಕ್ಷೆಯಲ್ಲಿ ಇಂಗ್ಲೆಂಡಿನ ಈ ಪ್ರಮಾಣ ಶೇಕಡಾ 6ಕ್ಕೆ ಇಳಿದಿತ್ತು.

ಈ ನಲವತ್ತು ವರ್ಷಗಳಲ್ಲಿ ಆದದ್ದೇನು? ಒಂದು ಎಳೆ 1901ರ ಕೊಲೊರಾಡೊಗೆ ಹೋಗುತ್ತದೆ. ಅಲ್ಲಿಗೆ ಹೊಸದಾಗಿ ಬಂದ ದಂತವೈದ್ಯ ಫ್ರೆಡರಿಕ್ ಮೆಕೇ, ಊರಿನ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆಗಳನ್ನು ಕಂಡ. ವಿಚಿತ್ರವೆಂದರೆ ಆ ಹಲ್ಲುಗಳಿಗೆ ಹುಳುಕು ಹತ್ತುತ್ತಿರಲಿಲ್ಲ. ಕುಡಿಯುವ ನೀರಿನಲ್ಲಿರುವ ಫ್ಲೋರೈಡ್ ಇದಕ್ಕೆ ಕಾರಣವೆಂದು 1931ರಲ್ಲಿ ತಿಳಿಯಿತು. ಕಲೆ ಮೂಡದಷ್ಟು, ಆದರೆ ಹುಳುಕು ತಡೆಯುವಷ್ಟು ಎಂದರೆ ದಶಲಕ್ಷಕ್ಕೆ ಒಂದು ಭಾಗವೆಂದು ಲೆಕ್ಕಹಾಕಿ, 1945ರಲ್ಲಿ ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದ ನೀರಿಗೆ ಅದನ್ನು ಸೇರಿಸಿದರು. 1970ರ ದಶಕದಲ್ಲಿ ಬ್ರಿಟನ್ನಿನ ಮನೆಮನೆಗೆ ಅದು ಟೂತ್‌ಪೇಸ್ಟಿನ ಮೂಲಕ ತಲುಪಿತು. ಪಾವಗಡ, ಕೋಲಾರ, ರಾಯಚೂರಿನ ಕಡೆಯಿಂದ ಬಂದ ನಮ್ಮ ಸದಸ್ಯರಿಗೆ ಈ ಕಥೆಯ ಇನ್ನೊಂದು ಮುಖ ಚೆನ್ನಾಗಿ ಗೊತ್ತು. ಅಲ್ಲಿನ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿ ಇರುವೆಡೆ ಹಲ್ಲು ಕಲೆಗಟ್ಟುತ್ತದೆ, ವರ್ಷಗಳು ಕಳೆದಂತೆ ಮೂಳೆಯೂ ಕೆಡುತ್ತದೆ. ಅಂಥ ಕಲೆ ಹಲ್ಲುಜ್ಜದೆ ಬಂದ ಕೊಳೆಯಲ್ಲ. ಹಲ್ಲು ಮೂಡುವ ಎಳೆ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು. ಇದನ್ನರಿಯದೆ ಎಷ್ಟೋ ಮಕ್ಕಳು ಶಾಲೆಯಲ್ಲಿ ಮಾತು ಕೇಳಿದ್ದಾರೆ.

ಎರಡನೆಯ ಎಳೆ ವಸಡಿನದು. ವಯಸ್ಸಾದಂತೆ ಹಲ್ಲು ಅಲುಗಾಡಿ ಬೀಳುವುದು ಸಹಜವೆಂದೇ ಎಲ್ಲರೂ ತಿಳಿದಿದ್ದರು. 1965ರಲ್ಲಿ ಡೆನ್ಮಾರ್ಕಿನ ಓರ್ಹುಸ್‌ನಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು ಆರೋಗ್ಯವಂತ ವಸಡಿನ 12 ಮಂದಿಗೆ ಹಲ್ಲುಜ್ಜುವುದನ್ನು ನಿಲ್ಲಿಸಿರೆಂದು ಹೇಳಿದರು. ಮೂರು ವಾರಗಳೊಳಗೆ ಎಲ್ಲರ ವಸಡೂ ಊದಿ ಕೆಂಪಾಯಿತು. ಮತ್ತೆ ಉಜ್ಜತೊಡಗಿದಾಗ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಸ್ವೀಡನ್ನಿನ ಕಾರ್ಲ್‌ಸ್ಟಾಡ್‌ನಲ್ಲಿ ಪೆರ್ ಆಕ್ಸೆಲ್ಸನ್ ಮತ್ತು ಯಾನ್ ಲಿಂಡೆ ಇದನ್ನು ದೀರ್ಘಕಾಲ ಪರೀಕ್ಷಿಸಿದರು. ನಿಯತವಾಗಿ ಹಲ್ಲು ಶುಚಿಮಾಡಿಸಿಕೊಳ್ಳುತ್ತ, ಮನೆಯಲ್ಲಿ ಉಜ್ಜುವ ಕ್ರಮವನ್ನು ಕಲಿತವರು ಮೂವತ್ತು ವರ್ಷಗಳಲ್ಲಿ ಕಳೆದುಕೊಂಡದ್ದು ಸರಾಸರಿ ಎರಡು ಹಲ್ಲಿಗೂ ಕಡಿಮೆ. ಹಲ್ಲು ಬೀಳುವುದು ಮುಪ್ಪಿನ ಹಣೆಬರಹವಲ್ಲವೆಂದು ಇದರಿಂದ ಖಚಿತವಾಯಿತು.

ಮೂರನೆಯದು, ಬ್ಲ್ಯಾಕ್‌ನ ದೊಡ್ಡ ಕುಳಿಯ ಅಗತ್ಯ ತಪ್ಪಿದ್ದು. 1955ರಲ್ಲಿ ಮೈಕೆಲ್ ಬ್ಯೂನೊಕೋರ್ ಹಲ್ಲಿನ ಹೊರಪದರವನ್ನು ಆಮ್ಲದಿಂದ ಒರಟಾಗಿಸಿದರೆ ತುಂಬುವ ವಸ್ತು ಅದಕ್ಕೆ ಅಂಟುತ್ತದೆಂದು ತೋರಿಸಿದ. ಮುಂದೆ ಲಂಡನ್ನಿನಲ್ಲಿ, ಹಲ್ಲಿಗೆ ತಾನೇ ಅಂಟಿಕೊಂಡು ಫ್ಲೋರೈಡನ್ನೂ ಬಿಡುವ ಗ್ಲಾಸ್ ಅಯಾನಮರ್ ಎಂಬ ಸಿಮೆಂಟನ್ನು ಕಂಡುಹಿಡಿದರು. 1980ರ ದಶಕದಲ್ಲಿ ತಾಂಜಾನಿಯಾದಲ್ಲಿ, ವಿದ್ಯುತ್ತೂ ಇಲ್ಲದ ಡ್ರಿಲ್ಲೂ ಇಲ್ಲದ ಕಡೆ, ಮೆತ್ತಗಾದ ಹುಳುಕನ್ನಷ್ಟೇ ಕೈಸಲಕರಣೆಯಿಂದ ಕೆರೆದು ಇಂಥ ವಸ್ತು ತುಂಬುವ ಪದ್ಧತಿ ಬೆಳೆಯಿತು. ಬಡ ದೇಶದ ಅನಿವಾರ್ಯದಿಂದ ಹುಟ್ಟಿದ ಈ ಮಿತವಾದ ಚಿಕಿತ್ಸೆಯನ್ನು ಇಂದು ಶ್ರೀಮಂತ ದೇಶಗಳಲ್ಲಿಯೂ ಮಕ್ಕಳಿಗೆ, ವೃದ್ಧರಿಗೆ ಬಳಸುತ್ತಾರೆ.

ಇಷ್ಟೆಲ್ಲ ಆದರೂ ಒಂದು ಪ್ರಶ್ನೆ ಉಳಿದಿತ್ತು: ಎಷ್ಟು ಹಲ್ಲು ಸಾಕು? ನೆದರ್‌ಲ್ಯಾಂಡ್ಸಿನ ನೈಮೇಗನ್‌ನಲ್ಲಿ ಆರ್ಂಡ್ ಕೈಸರ್ 1981ರಲ್ಲಿ ಕೊಟ್ಟ ಉತ್ತರ ನನಗೆ ಈ ಇಡೀ ಇತಿಹಾಸದಲ್ಲಿ ಅತ್ಯಂತ ವಿವೇಕಯುತವಾಗಿ ಕಾಣುತ್ತದೆ. ಅವನು ಕಳೆದುಹೋದ ಹಲ್ಲುಗಳನ್ನು ಎಣಿಸಲಿಲ್ಲ. ಉಳಿದವು ಮಾಡುವ ಕೆಲಸವನ್ನು ನೋಡಿದ. ಹಿಂದಿನ ದವಡೆ ಹಲ್ಲುಗಳು ಕೆಲವು ಹೋಗಿದ್ದರೂ, ಮುಂದಿನವು ಗಟ್ಟಿಯಾಗಿದ್ದು, ಮೇಲೆ ಕೆಳಗೆ ಒಂದನ್ನೊಂದು ಮುಟ್ಟುವ ಜೋಡಿಗಳು ಸಾಕಷ್ಟಿದ್ದರೆ ಮನುಷ್ಯ ಸುಖವಾಗಿ ಜಗಿಯುತ್ತಾನೆ. ಖಾಲಿ ಜಾಗ ಕಂಡಲ್ಲೆಲ್ಲ ಕೃತಕ ಹಲ್ಲು ತುರುಕಬೇಕಾಗಿಲ್ಲ. ಬಾಯಿಯಲ್ಲಿ ಕನಿಷ್ಠ 20 ಸ್ವಂತ ಹಲ್ಲುಗಳಿರಲಿ ಎಂಬ ಗುರಿ ವಿಶ್ವ ಆರೋಗ್ಯ ಸಂಸ್ಥೆಯ ಮಟ್ಟದಲ್ಲಿಯೂ ಒಪ್ಪಿತವಾಯಿತು. ಜಪಾನ್ 1989ರಲ್ಲಿ 80ರ ವಯಸ್ಸಿಗೆ 20 ಹಲ್ಲು ಎಂಬ ರಾಷ್ಟ್ರೀಯ ಆಂದೋಲನ ಆರಂಭಿಸಿದಾಗ ಆ ಭಾಗ್ಯವಿದ್ದವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ. 2016ರ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆ ಗುರಿ ಮುಟ್ಟಿದ್ದರು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ನಮ್ಮ ಗಾದೆಯನ್ನು ಒಂದು ದೇಶ ಒಂದೇ ತಲೆಮಾರಿನಲ್ಲಿ ಸುಳ್ಳುಮಾಡಿತು.

ಈಗ ಅಪ್ಪನ ಹಲ್ಲಿನ ಪ್ರಶ್ನೆ. ಕೆಲವು ಹಲ್ಲನ್ನು ಕೀಳಲೇಬೇಕಾಗುತ್ತದೆ. ಅದನ್ನು ನೋಡಿ ಹೇಳಬೇಕಾದವರು ದಂತವೈದ್ಯರು. ಆದರೆ ಗಟ್ಟಿಯಾಗಿ ನಿಂತ ಹಲ್ಲನ್ನು ಅದರ ಪಕ್ಕದವು ಹೋದವೆಂಬ ಕಾರಣಕ್ಕೆ ಕೀಳಿಸಬೇಡಿ. ಪೂರ್ತಿ ಸೆಟ್ ಹಾಕಿಸಿಕೊಂಡವರು ಜಗಿಯುವ ಬಲ ಸ್ವಂತ ಹಲ್ಲಿನದಕ್ಕಿಂತ ಬಹಳ ಕಡಿಮೆ. ಹಲ್ಲು ಹೋದ ದವಡೆಯ ಮೂಳೆಯೂ ಸವೆಯುತ್ತ ಹೋಗುವುದರಿಂದ ಇಂದು ಸರಿಯಾಗಿ ಕೂತ ಸೆಟ್ ಕೆಲವು ವರ್ಷಗಳಲ್ಲಿ ಸಡಿಲವಾಗುತ್ತದೆ. ಆಮೇಲೆ ಜೋಳದ ರೊಟ್ಟಿ, ಕೋಸಂಬರಿ, ಹಣ್ಣು ಒಂದೊಂದಾಗಿ ತಟ್ಟೆಯಿಂದ ಜಾರಿ, ಗಂಜಿ ಮತ್ತು ಬ್ರೆಡ್ಡು ಉಳಿಯುತ್ತವೆ. ರಜೆಯಲ್ಲಿ ಊರಿಗೋ ಬೇರೆ ದೇಶಕ್ಕೋ ಹೋಗಿ, ಒಳ್ಳೆಯ ಹಲ್ಲುಗಳನ್ನೇ ಸಾಲಾಗಿ ಅರೆಸಿ ಬಿಳಿಯ ಕ್ಯಾಪು ಹಾಕಿಸಿಕೊಂಡು ಬರುವ ಯುವಕರನ್ನೂ ನೋಡುತ್ತಿದ್ದೇನೆ. ವಸಡು ಕೆಟ್ಟಿರುವಾಗಲೇ ಹಾಗೆ ಮಾಡಿಸಿಕೊಂಡರೆ, 1910ರಲ್ಲಿ ಹಂಟರ್ ಟೀಕಿಸಿದ ಚಿನ್ನಕ್ಕೂ ಇದಕ್ಕೂ ಬಣ್ಣದ ವ್ಯತ್ಯಾಸವಷ್ಟೆ.

ನಮ್ಮವರಲ್ಲಿ ಸಕ್ಕರೆಕಾಯಿಲೆ ಹೆಚ್ಚು. ಹತೋಟಿಯಿಲ್ಲದ ಸಕ್ಕರೆ ವಸಡನ್ನು ಕೆಡಿಸುತ್ತದೆ. ಕೆಟ್ಟ ವಸಡು ಸಕ್ಕರೆಯ ಹತೋಟಿಯನ್ನು ಕಷ್ಟವಾಗಿಸುತ್ತದೆ. ವಸಡಿಗೆ ಚಿಕಿತ್ಸೆಯಾದರೆ ರಕ್ತದ ಸಕ್ಕರೆ ತುಸು ಇಳಿಯುತ್ತದೆ. ಬಾಯಿಗೂ ದೇಹಕ್ಕೂ ಸಂಬಂಧವಿದೆಯೆಂಬ ಹಂಟರನ ಮಾತಿನ ಉಳಿದರ್ಧ ಸತ್ಯ ಹೀಗೆ ನೂರು ವರ್ಷ ಕಳೆದು, ಹಲ್ಲು ಕೀಳಿಸುವ ಸಲಹೆಯಿಲ್ಲದೆ ಮರಳಿ ಬಂದಿದೆ. 2022ರಿಂದ ಇಂಗ್ಲೆಂಡಿನ ಚಿಕಿತ್ಸಾ ಮಾರ್ಗಸೂಚಿಯಲ್ಲಿ, ಸಕ್ಕರೆಕಾಯಿಲೆಯ ವಯಸ್ಕರಿಗೆ ವಸಡಿನ ಅಪಾಯವನ್ನು ತಿಳಿಸಿ ನಿಯತವಾಗಿ ಹಲ್ಲು ತೋರಿಸಿಕೊಳ್ಳಲು ಹೇಳಬೇಕೆಂದಿದೆ. ನಿಮ್ಮ ಜಿ.ಪಿ. ಮುಂದಿನ ಭೇಟಿಯಲ್ಲಿ ಕಣ್ಣು, ಪಾದಗಳ ಬಗ್ಗೆ ಕೇಳಿ ಬಾಯಿಯ ಬಗ್ಗೆ ಕೇಳದಿದ್ದರೆ, ನೀವೇ ಕೇಳಿ.