ವಿಜಯಪುರದ ಚೀನೀ ಪಿಂಗಾಣಿ ಯಾರದು?

ವಿಜಯಪುರಕ್ಕೆ ಹೋದವರು ಗೋಲಗುಮ್ಮಟದಲ್ಲಿ ಕೂಗಿ, ಪ್ರತಿಧ್ವನಿ ಕೇಳಿ ವಾಪಸ್ ಬಂದುಬಿಡ್ತಾರೆ. ಎದುರಿನ ನಗಾರಖಾನೆಯಲ್ಲೇ ಒಂದು ಮ್ಯೂಸಿಯಂ ಇದೆ. ಅದರ ಆರಂಭ 1892ರಲ್ಲಿ. ಬಿದ್ರಿ ಕೆಲಸ, ರತ್ನಗಂಬಳಿಗಳ ಜೊತೆ ಚೀನಾದ ಪಿಂಗಾಣಿ ಪಾತ್ರೆಗಳನ್ನೂ ಅಲ್ಲಿ ಇಟ್ಟಿದ್ದಾರೆ.

"ಪರದೇಶದ ಸಾಮಾನು ನಮ್ಮ ಇತಿಹಾಸ ಹೇಗಾಗುತ್ತೆ?" ಅಂತ ವಿದ್ಯಾರ್ಥಿಗಳು ಕೇಳಬಹುದು. ಪಿಂಗಾಣಿಯ ನೀಲಿ ಬಣ್ಣದ ಕಥೆಯಲ್ಲೇ ಇದಕ್ಕೆ ಉತ್ತರ ಇದೆ. 14ನೇ ಶತಮಾನದಲ್ಲಿ ಚೀನಾದ ನೀಲಿ-ಬಿಳಿ ಪಾತ್ರೆಗಳಿಗೆ ಬೇಕಾದ ಕೋಬಾಲ್ಟ್ ಇರಾನಿನ ಕಡೆಯಿಂದ ಹೋಗುತ್ತಿತ್ತು. ಮಿಂಗ್ ಕಾಲದ ಚೀನೀಯರು ಒಂದು ಬಗೆಯ ನೀಲಿಯನ್ನು 'ಮುಸ್ಲಿಮರ ನೀಲಿ' ಎಂದೇ ಕರೆದರು. ಇಂಥ ಪಾತ್ರೆಗಳು ಹಡಗೇರಿ ದಖ್ಖನಿಗೂ ಬಂದವು. ನಮ್ಮ 'ಪಿಂಗಾಣಿ' ಪದವೂ ಫಾರ್ಸಿಯ 'ಪಿಂಗಾನ್'ನಿಂದ ಬಂದದ್ದು.

ಹೀಗೆ ಹಲವು ಕೈ ದಾಟಿ ಬಂದದ್ದನ್ನು ಪರರದು ಅನ್ನೋದು ಹೇಗೆ? ಮಕ್ಕಳನ್ನು ಕರೆದುಕೊಂಡು ಹೋದಾಗ ಅರ್ಧ ಗಂಟೆ ಇಲ್ಲಿಯೂ ನಿಲ್ಲಿ.