ಮಲಪ್ರಭಾತೀರದಲ್ಲಿ ಸ್ತ್ರೀಯರ ಧರ್ಮಸಾಧನೆ

ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆಯು ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಸೀಮೆಯನ್ನು ಹಾದುಹೋಗುತ್ತದೆ. ಈ ಸೀಮೆಯ ಸ್ತ್ರೀಯರ ಧರ್ಮಜೀವನವನ್ನು ವಿಚಾರಿಸಹೊರಟವರಿಗೆ ದೊರೆಯುವ ಸಾಧನಗಳಲ್ಲಿ ಐತಿಹ್ಯವೇ ಅಧಿಕ, ಲಿಖಿತಪ್ರಮಾಣವು ಅಲ್ಪ. ಇವೆರಡೂ ಒಂದೇ ಮಾತನ್ನು ಹೇಳುವುದಿಲ್ಲವೆಂಬುದನ್ನು ಮೊದಲೇ ಗಮನಿಸತಕ್ಕದ್ದು.

ಸವದತ್ತಿಯ ಗುಡ್ಡದ ಎಲ್ಲಮ್ಮನು ರೇಣುಕೆಯೇ ಎಂದು ಭಕ್ತರ ನಂಬಿಕೆ. ರೇಣುಕೆಯು ಸ್ನಾನಕ್ಕೆ ಹೋದಾಗ ಚಿತ್ರರಥರಾಜನ ಜಲಕ್ರೀಡೆಯನ್ನು ಕಂಡು ಚಲಿತಚಿತ್ತಳಾದಳೆಂದೂ, ಜಮದಗ್ನಿಯ ಆಜ್ಞೆಯಂತೆ ಪರಶುರಾಮನು ತಾಯಿಯ ಶಿರಸ್ಸನ್ನು ಕಡಿದು, ಬಳಿಕ ವರವನ್ನು ಬೇಡಿ ಅವಳನ್ನು ಬದುಕಿಸಿದನೆಂದೂ ಮಹಾಭಾರತದ ವನಪರ್ವವು ಹೇಳುತ್ತದೆ. ಅವಳು ಪೂಜೆಗೊಳ್ಳುವ ದೇವತೆಯೆಂಬ ಮಾತು ಆ ಕಥೆಯಲ್ಲಿಲ್ಲ. ಈ ತೀರದ ಜನರ ಕಥೆಯಲ್ಲಾದರೋ ಅವಳು ಹೊಳೆಯ ಮರಳಿನಿಂದ ಕೊಡವನ್ನು ಮಾಡಿ, ಹಾವನ್ನೇ ಸಿಂಬೆಯಾಗಿ ಸುತ್ತಿ ನೀರು ತರುವ ತಪಸ್ವಿನಿ. ಮನಸ್ಸು ಚಲಿಸಿದ ದಿನ ಮರಳು ಕೊಡವಾಗಿ ನಿಲ್ಲಲಿಲ್ಲ.

ಐರ್ಲೆಂಡಿನ ಕೆಲ್ಟರ ಸ್ಥಳಪುರಾಣದಲ್ಲಿಯೂ ಇದಕ್ಕೆ ಹೋಲುವ ಕಥೆಯೊಂದುಂಟು. ಬೋಅನ್ ಎಂಬವಳು ನಿಷಿದ್ಧವಾದ ಬಾವಿಯನ್ನು ಸಮೀಪಿಸಲು, ನೀರು ಉಕ್ಕಿ ಅವಳನ್ನು ಅಂಗಹೀನಳನ್ನಾಗಿ ಮಾಡಿ, ಅಟ್ಟಿಸಿಕೊಂಡು ಹೋಗಿ ಮುಳುಗಿಸಿತು; ಆ ಪ್ರವಾಹವೇ ಅವಳ ಹೆಸರಿನ ಬಾಯ್ನ್ ನದಿ. ಇಷ್ಟರಿಂದಲೇ ಎರಡಕ್ಕೂ ಏಕಮೂಲವನ್ನು ಕಲ್ಪಿಸುವುದು ಸಾಹಸವೇ ಸರಿ. ಆದರೆ ನೀರಿನ ಬಳಿ ದಂಡಿತಳಾದವಳೇ ದೈವವಾದಳೆಂಬುದು ಎರಡು ಕಡೆಯೂ ಸಮಾನ. ಭೇದವಿರುವುದು ಆಚರಣೆಯಲ್ಲಿ. ಮಾರ್ಗಶೀರ್ಷದ ಹೊಸ್ತಿಲ ಹುಣ್ಣಿಮೆಯಂದು ಜಮದಗ್ನಿಯ ವಧೆಯನ್ನು ನೆನೆದು ಜೋಗತಿಯರು ಬಳೆಯೊಡೆದು ದೇವಿಯ ವೈಧವ್ಯವನ್ನು ತಾವೂ ಹೊರುತ್ತಾರೆ. ಮಾಘದ ಭಾರತ ಹುಣ್ಣಿಮೆಗೆ ಅವಳೊಡನೆ ಮರಳಿ ಮುತ್ತೈದೆಯರಾಗುತ್ತಾರೆ. ಸಂಸ್ಕೃತಗ್ರಂಥವು ದೋಷವೆಂದು ಎಣಿಸಿದುದನ್ನು ಬಿಟ್ಟು, ಈ ಆಚರಣೆಯು ಅವಳ ದುಃಖವನ್ನು ಹಿಡಿದಿದೆ.

ಇದೇ ಭಕ್ತಿಯ ಹೆಸರಿನಲ್ಲಿ ಬಡ ದಲಿತ ಮನೆಗಳ ಬಾಲಿಕೆಯರಿಗೆ ಮುತ್ತು ಕಟ್ಟಿ ದೇವಿಗೆ ಬಿಡುವ ಪದ್ಧತಿಯೂ ಬೆಳೆಯಿತು. ಮುಂಬಯಿ ಸರಕಾರವು 1934ರಲ್ಲಿಯೂ ಕರ್ನಾಟಕವು 1982ರಲ್ಲಿಯೂ ಇದರ ವಿರುದ್ಧ ಕಾಯಿದೆಗಳನ್ನು ಮಾಡಬೇಕಾಯಿತು. ದೇವಿಗೆ ದೊರೆತ ಪುನರ್ಜೀವನವು ಆ ಬಾಲಿಕೆಯರಿಗೆ ದೊರೆಯಲಿಲ್ಲ. ಎಲ್ಲಮ್ಮನ ಮಹಿಮೆಯನ್ನು ಬರೆಯುವವರು ಇದನ್ನು ಬದಿಗಿರಿಸುವುದು ಉಚಿತವಲ್ಲ.

ರಾಮದುರ್ಗದ ಕಡೆ ಸುರೇಬಾನದ ಬಳಿಯ ಶಬರಿಕೊಳ್ಳದಲ್ಲಿ ಶಬರಿಯ ಗುಡಿಯಿದೆ. ವಾಲ್ಮೀಕಿಯು ಅವಳ ಆಶ್ರಮವನ್ನು ಪಂಪಾಸರಸ್ಸಿನ ತೀರದಲ್ಲಿ ಹೇಳಿರುವನಾದುದರಿಂದ ಇದನ್ನು ಸ್ಥಳಭಕ್ತಿಯೆಂದೇ ಗ್ರಹಿಸಬೇಕು.

ಇನ್ನು ಶಾಸನದ ಮಾತು. ಸವದತ್ತಿಯು ಪ್ರಾಚೀನ ಸುಗಂಧವರ್ತಿ. ಸಾಮಂತನಾದ ಶಾಂತಿವರ್ಮನು ತಾನು ಕಟ್ಟಿಸಿದ ಜಿನಾಲಯಕ್ಕೆ ದತ್ತಿಯನ್ನು ಬಿಟ್ಟುದನ್ನು ಇಲ್ಲಿಯ 980ರ ಶಾಸನವು ಹೇಳುತ್ತ, ಅವನ ತಾಯಿ ನೀಜಿಕಬ್ಬೆಯ ದಾನವನ್ನೂ ದಾಖಲಿಸಿದೆ. ಅವಳು ಯಾವ ವ್ರತವನ್ನು ಹಿಡಿದಿದ್ದಳು, ಯಾರಲ್ಲಿ ಧರ್ಮಶ್ರವಣ ಮಾಡಿದಳು ಎಂಬುದನ್ನು ದಾನಪತ್ರವು ಹೇಳಲಾರದು. ಆಂಗ್ಲೋ-ಸ್ಯಾಕ್ಸನ್ ನಾಡಿನ ಹಿಲ್ಡಳು ಈ ವಿಷಯದಲ್ಲಿ ಭಾಗ್ಯವಂತೆ. 657ರಲ್ಲಿ ವಿಟ್ಬಿಯ ಮಠವನ್ನು ಸ್ಥಾಪಿಸಿ, ಸಂನ್ಯಾಸಿ-ಸಂನ್ಯಾಸಿನಿಯರಿಬ್ಬರನ್ನೂ ಆಳಿದ ಅವಳು 680ರಲ್ಲಿ ತೀರಿಕೊಂಡಳು. 731ರಲ್ಲಿ ಮುಗಿದ ಬೀಡನ ಇತಿಹಾಸದಲ್ಲಿ ಅವಳ ಚರಿತ್ರೆ ಸೇರಿತು. ನೀಜಿಕಬ್ಬೆಗೆ ಅಂತಹ ಚರಿತ್ರಕಾರನು ದೊರೆಯಲಿಲ್ಲ.

ಕಿತ್ತೂರೆಂದೊಡನೆ 1824ರ ರಾಣಿ ಚೆನ್ನಮ್ಮನ ನೆನಪಾಗುವುದು ಸಹಜ. ಅದಕ್ಕೆ ಆರು ಶತಮಾನಗಳಿಗೂ ಹಿಂದೆ, ಕಲ್ಯಾಣದ ಕ್ರಾಂತಿಯ ತರುವಾಯ ಉಳವಿಯತ್ತ ಹೊರಟ ಶರಣರೊಡನೆ ಬಸವಣ್ಣನವರ ಪತ್ನಿ ಗಂಗಾಂಬಿಕೆಯು ಈ ಕಡೆಗೆ ಬಂದು, ಮುಗಟಖಾನ ಹುಬ್ಬಳ್ಳಿಯಲ್ಲಿ ಐಕ್ಯಳಾದಳೆಂಬುದು ಐತಿಹ್ಯ. ಇದಕ್ಕೆ ಸಮಕಾಲೀನ ಶಾಸನದ ಬೆಂಬಲವಿಲ್ಲದಿದ್ದರೂ, ಅವಳ ಅಂಕಿತದ ವಚನಗಳು ಉಳಿದಿವೆ; ಕಥೆಗಾರನ ಮಧ್ಯಸ್ಥಿಕೆಯಿಲ್ಲದೆ ಸ್ತ್ರೀಯ ಸ್ವಂತ ಮಾತು ಕಿವಿಗೆ ಬೀಳುವುದು ಇಲ್ಲಿಯೇ. ಆ ಅಂಕಿತದಲ್ಲಿರುವುದು ಕೂಡಲಸಂಗನ ಹೆಸರು. ಅವಳ ಐಕ್ಯಮಂಟಪವಿರುವುದು ಆ ಸಂಗಮಕ್ಕೇ ಹರಿದುಹೋಗುವ ಮಲಪ್ರಭೆಯ ನೀರಿನಲ್ಲಿ.