‘ವಯಸ್ಸಾಯಿತಲ್ಲ’ ಎಂಬ ಉತ್ತರ

ಊರಿನಲ್ಲಿರುವ ತಂದೆತಾಯಿಯರನ್ನು ದೂರವಾಣಿಯಲ್ಲಿ ವಿಚಾರಿಸಿದಾಗಲೆಲ್ಲ ನಮ್ಮ ಕಿವಿಗೆ ಬೀಳುವ ಮಾತು ‘ವಯಸ್ಸಾಯಿತಲ್ಲ’ ಎಂಬುದು. ಮಂಡಿನೋವಿಗೂ ಅದೇ ಕಾರಣ, ಮರೆವಿಗೂ ಅದೇ, ಊಟ ಸೇರದಿದ್ದರೂ ಅದೇ. ಅವರು ಹಾಗೆಂದೊಡನೆ ನಾವೂ ಸುಮ್ಮನಾಗುತ್ತೇವೆ. ಆದರೆ ಮುಪ್ಪಿನ ಅಧ್ಯಯನದ ಚರಿತ್ರೆಯನ್ನು ನೋಡಿದರೆ, ಅದನ್ನು ಮುನ್ನಡೆಸಿದವರು ಈ ಉತ್ತರವನ್ನು ಒಪ್ಪದವರೇ ಎಂಬುದು ಮನವರಿಕೆಯಾಗುತ್ತದೆ.

ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ವಿಜ್ಞಾನಿ ಮೆಚ್ನಿಕಾಫ್ 1903ರಲ್ಲಿ ಈ ಅಧ್ಯಯನಕ್ಕೆ ‘ಜೆರೊಂಟಾಲಜಿ’ ಎಂದು ಹೆಸರಿಟ್ಟರು. 1909ರಲ್ಲಿ ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಷರ್ ವೃದ್ಧರ ಚಿಕಿತ್ಸೆಗೆ ‘ಜೀರಿಯಾಟ್ರಿಕ್ಸ್’ ಎಂಬ ಪದವನ್ನು ಟಂಕಿಸಿದರು. ಮಕ್ಕಳ ವೈದ್ಯಕ್ಕಿರುವಂತೆ ವೃದ್ಧರ ವೈದ್ಯಕ್ಕೂ ಪ್ರತ್ಯೇಕ ಶಾಖೆ ಬೇಕು. ಮುಪ್ಪು ಬೇರೆ, ಮುಪ್ಪಿನಲ್ಲಿ ಬರುವ ರೋಗ ಬೇರೆ ಎಂಬುದು ಅವರ ವಾದ.

ಹೆಸರು ಬಂದ ಮಾತ್ರಕ್ಕೆ ಹಾಸಿಗೆ ಹಿಡಿದವರ ಪಾಡು ಬದಲಾಗಲಿಲ್ಲ. 1935ರಲ್ಲಿ ಲಂಡನ್ನಿನ ಪಶ್ಚಿಮ ಭಾಗದ ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆಯು ಪಕ್ಕದಲ್ಲಿದ್ದ ಬಡವರ ಶುಶ್ರೂಷಾಲಯವನ್ನು ವಹಿಸಿಕೊಂಡಿತು. ಅಲ್ಲಿದ್ದವರು 700ಕ್ಕೂ ಹೆಚ್ಚು ಮಂದಿ; ಅವರಲ್ಲಿ ಅನೇಕರು ಗುಣವಾಗುವವರಲ್ಲವೆಂದು ಮಲಗಿಸಿಟ್ಟ ವೃದ್ಧರು. ಅವರ ಹೊಣೆ ಹೊತ್ತ ಡಾ. ಮಾರ್ಜರಿ ವಾರೆನ್ ಒಬ್ಬೊಬ್ಬರನ್ನೂ ಪರೀಕ್ಷಿಸಿದರು. ರೋಗಕ್ಕಿಂತ ಹೆಚ್ಚಾಗಿ, ಮಲಗಿಯೇ ಇದ್ದುದರಿಂದ ಕೀಲು ಬಿಗಿದು ಸ್ನಾಯು ಸೊರಗಿದವರು ಎಷ್ಟೋ ಜನರಿದ್ದರು. ಅವರನ್ನು ಕೂರಿಸಿ, ನಿಲ್ಲಿಸಿ, ನಡೆಸಲಾಯಿತು. ವಾರ್ಡುಗಳಿಗೆ ಬೆಳಕು ಬಂತು, ಹಿಡಿದು ನಡೆಯಲು ಕಂಬಿಗಳು ಬಂದವು. ಹಲವರು ಮನೆಗೆ ಮರಳಿದರು. ಇಂಥ ರೋಗಿಗಳಿಗೆ ಸಾಮಾನ್ಯ ಆಸ್ಪತ್ರೆಯಲ್ಲಿಯೇ ಸ್ಥಳವಿರಬೇಕೆಂದು ವಾರೆನ್ 1943ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು.

ಒಬ್ಬೊಬ್ಬರನ್ನೂ ಕೇಳಿ ತಿಳಿಯುವ ಈ ಕ್ರಮ ನಮ್ಮ ದೇಶದಲ್ಲಿಯೂ ಬೇರೂರಿದೆ. ಅಂಥದೊಂದು ಬೃಹತ್ ಸಮೀಕ್ಷೆಯನ್ನು ನಡೆಸಿದ್ದು ಮುಂಬಯಿಯ ದೇವನಾರ್‌ನಲ್ಲಿರುವ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ. 2017-18ರ ಮೊದಲ ಸುತ್ತಿನಲ್ಲಿ 45 ವರ್ಷ ದಾಟಿದ 72,000ಕ್ಕೂ ಹೆಚ್ಚು ಜನರನ್ನು ಅದು ಮಾತನಾಡಿಸಿತು. ಕೈಹಿಡಿತದ ಬಲವನ್ನೂ ಕಣ್ಣಿನ ದೃಷ್ಟಿಯನ್ನೂ ಅಳೆಯಿತು; ಸ್ನಾನಕ್ಕೆ, ಉಡುಪು ತೊಡಲು ನೆರವು ಬೇಕೇ ಎಂದು ವಿಚಾರಿಸಿತು. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗರ ನೆನಪಿನ ಶಕ್ತಿ ವಯಸ್ಸಿನೊಡನೆ ಹೇಗೆ ಬದಲಾಗುತ್ತದೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಮಿದುಳು ಸಂಶೋಧನಾ ಕೇಂದ್ರವು ವರ್ಷಗಳಿಂದ ಗಮನಿಸುತ್ತಿದೆ.

ಊರು ಬಿಟ್ಟು ಬಂದ ನಮಗೆ ಈ ಚರಿತ್ರೆಯಲ್ಲಿ ಕಲಿಯುವುದಿದೆ. ‘ಹೇಗಿದ್ದೀರಿ’ ಎಂದರೆ ‘ಚೆನ್ನಾಗಿದ್ದೇವೆ’ ಎಂಬ ಉತ್ತರವೇ ಬರುತ್ತದೆ. ದೂರದಲ್ಲಿರುವ ಮಕ್ಕಳಿಗೆ ಚಿಂತೆ ಹಚ್ಚಲು ಯಾವ ತಾಯಿಯೂ ಬಯಸಳು. ಪತ್ರಿಕೆಯ ಅಕ್ಷರ ಕಾಣುತ್ತದೆಯೇ, ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಏನಾದರೂ ಇದೆಯೇ, ಸಂಜೆ ಮಾತಿಗೆ ಯಾರು ಸಿಗುತ್ತಾರೆ ಎಂದು ನಾವು ಕೇಳಬಹುದು. ಮತ್ತೆ ‘ವಯಸ್ಸಾಯಿತಲ್ಲ’ ಎಂದರೆ, ಅಲ್ಲಿಗೆ ಮಾತು ಮುಗಿಸದೆ ಇನ್ನೊಂದು ಪ್ರಶ್ನೆ ಕೇಳಬಹುದು.